ಮೊದಲು ಈ ಕೈ

ಜನವರಿ 5, ಸೋಮವಾರ

ಇಂದು ಸಾರಿಗೆ ಉಪ್ಪು ಸರಿಯಾಗಿತ್ತು. ಸರಿಯಾಗಿದೆ ಎಂದು ಯಾರೂ ಹೇಳಲಿಲ್ಲ. ಅತ್ತೆ ಇಮಾಂ ಬೀ ಒಂದು ತುತ್ತು ಉಂಡು, ಆಯೇಷಾ ಆಗಿದ್ದರೆ ಕೊನೆಗೆ ಸ್ವಲ್ಪ ಹುಣಸೆ ಹಿಂಡುತ್ತಿದ್ದಳು ಎಂದರು. ಬೈಯಲಿಲ್ಲ, ನೆನಪು ಬಂತು, ಹೇಳಿದರು. ನನಗೆ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡಬೇಕು ಅನ್ನಿಸಿತು.

ಈ ಮನೆಗೆ ಬಂದು ಎರಡು ತಿಂಗಳು. ಚಳ್ಳಕೆರೆಯಲ್ಲಿ ಅಪ್ಪ ಲಾಲ್ ಸಾಬರ ದನದ ಹಿಂಡಿ ಅಂಗಡಿಯ ಹಿಂದಿನ ಮನೆಯಲ್ಲಿ ಹುಟ್ಟಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮೂವತ್ತಾರು ತುಂಬಿಸಿದವಳು ನಾನು. ತಾಯಿ ಹೋದ ಮೇಲೆ ಅಪ್ಪ ಹುಡುಕಿ ಇಫ್ತಿಕಾರ್‌ಗೆ ಕೊಟ್ಟರು. ಇಫ್ತಿಕಾರ್ ಇಲ್ಲಿ ಮೊಳಕಾಲ್ಮೂರಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾರೆ. ಮೊದಲಿನವಳು, ಈ ಆಯೇಷಾ, ಕಾಮಾಲೆಯಾಗಿ ತೀರಿಕೊಂಡು ಮೂರು ವರ್ಷ. ಎರಡು ಮಕ್ಕಳು. ಮುಬೀನಾಗೆ ಎಂಟು, ತನ್ವೀರ್‌ಗೆ ಐದು.

ತನ್ವೀರ್‌ಗೆ ತಾಯಿಯ ನೆನಪಿಲ್ಲ. ನಾನು ಬಂದ ವಾರದಲ್ಲೇ ಅಮ್ಮಿ ಎಂದ. ಮುಬೀನಾಗೆ ನಾನು ಖಾಲಾ, ಚಿಕ್ಕಮ್ಮ. ಅದೂ ಅಗತ್ಯ ಬಿದ್ದರೆ ಮಾತ್ರ.

ಮನೆಯಲ್ಲಿ ಆಡುವುದು ಉರ್ದು, ನನಗೆ ಬರೆಯಲು ಬರುವುದು ಕನ್ನಡ. ಅತ್ತೆಗೆ ಕನ್ನಡ ಓದಲು ಬರುವುದಿಲ್ಲ. ಇಫ್ತಿಕಾರ್‌ಗೆ ಬರುತ್ತದೆ, ವ್ಯವಧಾನವಿಲ್ಲ. ಆದ್ದರಿಂದ ಇಲ್ಲಿ ಬರೆಯಬಹುದು: ಬದುಕಿರುವ ಸವತಿಯಾಗಿದ್ದರೆ ಒಳ್ಳೆಯದಿತ್ತು. ಜಗಳ ಆಡಬಹುದಿತ್ತು. ಅವಳಿಗೂ ವಯಸ್ಸಾಗುತ್ತಿತ್ತು, ಅವಳ ಕೈಯಲ್ಲೂ ಅನ್ನ ಸೀಯುತ್ತಿತ್ತು.

ಜನವರಿ 9, ಶುಕ್ರವಾರ

ಇಫ್ತಿಕಾರ್ ಬೆಳಿಗ್ಗೆ ಷರಟು ಹಾಕಿಕೊಳ್ಳುತ್ತಾ ಒಂದು ಕೆಲಸ ಒಪ್ಪಿಸಿದರು. ರಂಜಾನ್ ಬರುವುದರೊಳಗೆ ತನ್ವೀರ್‌ಗೆ ವುಜೂ ಮಾಡುವುದನ್ನು ಕಲಿಸಬೇಕು. ನಮಾಜಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಮೊಣಕೈ, ತಲೆ, ಕಾಲು, ಎಲ್ಲ ಕ್ರಮವಾಗಿ. ಮುಬೀನಾ ಮಾಡುವುದನ್ನೂ ಒಂದು ಸಲ ನೋಡು, ಆದರೆ ಅವಳಿಗೆ ಅವರಮ್ಮಿಯೇ ಕಲಿಸಿದ್ದಾಳೆ, ಚೆನ್ನಾಗಿ ಮಾಡುತ್ತಾಳೆ ಎಂದರು.

ಚೆನ್ನಾಗಿ ಮಾಡುತ್ತಾಳೆ. ಇರಲಿ ಎಂದು ಮಧ್ಯಾಹ್ನ ಹಿತ್ತಲಿನ ನಲ್ಲಿಯ ಹತ್ತಿರ ಬಟ್ಟೆ ಹಿಂಡುವ ನೆಪದಲ್ಲಿ ನಿಂತೆ. ಹುಡುಗಿ ಬಂದಳು, ತೋಳು ಮಡಿಸಿದಳು, ಬಿಸ್ಮಿಲ್ಲಾ ಎಂದಳು, ಎಡಗೈ ಮುಂದೆ ಮಾಡಿದಳು.

ಎಡಗೈ. ಮೊದಲು ಬಲ, ಆಮೇಲೆ ಎಡ, ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಮೊಣಕೈಗೂ ಎಡವೇ ಮೊದಲು, ಕಾಲಿಗೂ ಎಡವೇ ಮೊದಲು. ಅಷ್ಟು ಶ್ರದ್ಧೆಯಿಂದ, ಒಂದು ಹನಿ ಚೆಲ್ಲದೆ, ಪೂರ್ತಿ ತಿರುವುಮುರುವು. ಅತ್ತೆಗೆ ಕಣ್ಣು ಮಂಜು, ಇಫ್ತಿಕಾರ್ ಮನೆಯಲ್ಲಿರುವುದಿಲ್ಲ, ಮೂರು ವರ್ಷದಿಂದ ಯಾರೂ ನೋಡಿಲ್ಲ.

ನನಗೆ ಬಂದ ಸಂತೋಷವನ್ನು ಹೇಳಲಾರೆ. ಸಂಜೆಯ ರೊಟ್ಟಿ ಹೂವಿನಂತೆ ಉಬ್ಬಿದವು. ಇಡೀ ಗಲ್ಲಿ ಹೊಗಳುವ ಹೆಂಗಸು ಮಗಳಿಗೆ ವುಜೂ ಕೂಡ ಸರಿಯಾಗಿ ಕಲಿಸಿಲ್ಲ.

ಜನವರಿ 15, ಗುರುವಾರ

ಪಕ್ಕದ ಮನೆಯ ಗೀತಮ್ಮ ಎಳ್ಳುಬೆಲ್ಲ ತಂದುಕೊಟ್ಟರು. ಅವರದು ರೇಷ್ಮೆ ಸೀರೆ ನೇಯುವ ಮನೆ. ಒಳ್ಳೆಯ ಹೆಂಗಸು. "ಆಯೇಷಾ ಇದ್ದಾಗ ಮಗ್ಗದ ಹತ್ರ ಬಂದು ಕುಂತ್ಕಂಡು ಕಂಡಿಕೆಗೆ ರೇಷ್ಮೆ ಎಳೆ ಸುತ್ಕೊಡೋಳು. ನೀವೂ ಬರ್ರಿ" ಎಂದರು. ಕರೆದದ್ದು ನನ್ನನ್ನು, ನೆನೆದದ್ದು ಅವಳನ್ನು. ಬರ್ತೀನಿ ಎಂದೆ. ಹೋಗುವುದಿಲ್ಲ.

ಮುಬೀನಾಗೆ ಇಂದು ಹೇಳಿದೆ. ಮೆತ್ತಗೇ ಹೇಳಿದೆ. ಬಲಗೈ ಮೊದಲು ಎಂದು ಅವಳ ಕೈ ಹಿಡಿದು ತೋರಿಸಿದೆ. ಅವಳು ಕೈ ಎಳೆದುಕೊಂಡಳು.

"ಅಮ್ಮಿ ಹಿಂಗೇ ಮಾಡ್ತಿದ್ರು. ನಾನು ನೋಡೀನಿ."

ನೀನು ಆಗ ಸಣ್ಣವಳು, ಮರೆತಿರುತ್ತೀ ಎಂದೆ. ಮರೆತಿಲ್ಲ ಎಂದಳು. ಅಮ್ಮಿ ಕೂರುತ್ತಿದ್ದ ಕಲ್ಲು, ಉಟ್ಟಿದ್ದ ಸೀರೆಯ ಬಣ್ಣ, "ಮೊದಲು ಈ ಕೈ" ಎಂದು ಎತ್ತುತ್ತಿದ್ದ ರೀತಿ, ಎಲ್ಲ ಹೇಳಿದಳು. ಇಷ್ಟು ದಿನದಲ್ಲಿ ಅವಳು ನನ್ನೊಡನೆ ಇಷ್ಟು ಮಾತಾಡಿದ್ದೇ ಇಲ್ಲ. ಅದೂ ಯಾರ ಬಗ್ಗೆ.

ಜನವರಿ 20, ಮಂಗಳವಾರ

ಮುಬೀನಾಳ ಎಡಗೈ ವಿಷಯ ಇಫ್ತಿಕಾರ್‌ಗೆ ಹೇಳಿದ್ದೆ, ಅವರು ಮಸೀದಿಯ ಗುರುಗಳು ಹಜರತರನ್ನು ಕೇಳಿಕೊಂಡು ಬಂದರು. ಎಡದಿಂದ ಶುರುಮಾಡಿದರೂ ವುಜೂ ಆಗುತ್ತದಂತೆ, ನಮಾಜೂ ಆಗುತ್ತದಂತೆ. ಬಲದಿಂದ ಮಾಡುವುದು ಉತ್ತಮ ಕ್ರಮ, ನಿಧಾನವಾಗಿ ತಿದ್ದಿ, ಮಗುವನ್ನು ಗದರಬೇಡಿ ಎಂದರಂತೆ. ಇದನ್ನು ನನಗೊಬ್ಬಳಿಗೇ ಹೇಳಿ ಮಲಗಿಬಿಟ್ಟರು.

ನಾನು ಇನ್ನೂ ಗಟ್ಟಿಯಾದ ಮಾತನ್ನು ನಿರೀಕ್ಷಿಸಿದ್ದೆ.

ಫೆಬ್ರವರಿ 3, ಮಂಗಳವಾರ

ಇಂದು ಶಬ್-ಎ-ಬರಾತ್. ತೀರಿಕೊಂಡವರಿಗಾಗಿ ಬೇಡಿಕೊಳ್ಳುವ ದಿನ. ಬೆಳಿಗ್ಗೆಯಿಂದ ರವೆ ಹಲ್ವಾ ಮಗುಚಿ ತೋಳು ಸೋತಿತು. ಸಂಜೆಯ ಹೊತ್ತಿಗೆ ಗಲ್ಲಿಯ ಹೆಂಗಸರು ನಮ್ಮ ಪಡಸಾಲೆಗೆ ಬಂದರು. ನನ್ನ ತಾಯಿಯ ಹೆಸರನ್ನು ಯಾರಾದರೂ ಕೇಳಬಹುದು ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಹೆಸರು.

ಮುಬೀನಾ ಹೊಸ ದುಪಟ್ಟಾ ಹೊದ್ದು, ತೆರೆದ ಹಿತ್ತಲ ಬಾಗಿಲಿನಾಚೆ ನಲ್ಲಿಯ ಹತ್ತಿರ ವುಜೂಗೆ ಕುಳಿತಳು. ಅಮ್ಮಿಗಾಗಿ ದುವಾ ಮಾಡಬೇಕೆಂದು ಮಧ್ಯಾಹ್ನದಿಂದ ಕಾದಿದ್ದಳು. ಎದುರುಮನೆಯಾಕೆ ಅವಳನ್ನೇ ನೋಡುತ್ತಾ, ತಾಯಿ ಹೋದರೂ ಕಲಿಸಿದ್ದು ಉಳಿದಿದೆ ನೋಡಿ, ಎಷ್ಟು ಅಚ್ಚುಕಟ್ಟು ಎಂದಳು. ಉಳಿದವರು ಹೌದು ಹೌದು ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಹೇಳಿದೆ: "ಕಲಿಸಿದ್ದೇ ತಪ್ಪು ಕಲಿಸಿದ್ದಾಳೆ. ಎಡಗೈಯಿಂದ ಶುರು ಮಾಡ್ತೈತೆ ಮಗು, ಸರಿಯಾಗಿ ನೋಡ್ರಿ."

ಎಲ್ಲರೂ ಸರಿಯಾಗಿ ನೋಡಿದರು. ಮುಬೀನಾ ಎಡಗೈ ತೊಳೆದು ಬಲಗೈ ನೀರಿಗೆ ಹಿಡಿದಿದ್ದಳು. ಆಮೇಲೆ ನಲ್ಲಿ ನಿಲ್ಲಿಸಿ, ಒದ್ದೆ ತೋಳಿನಲ್ಲೇ ಒಳಗೆ ಹೋದಳು. ದುವಾಗೆ ಬರಲಿಲ್ಲ.

ಹಲ್ವಾ ಚೆನ್ನಾಗಿತ್ತಂತೆ. ಎದುರುಮನೆಯಾಕೆಯೇ ಹೇಳಿದಳು. ಇದೇ ಮೊದಲ ಸಲ ನನ್ನ ಅಡುಗೆಯನ್ನು ಹೊಗಳಿದ್ದು.

ಫೆಬ್ರವರಿ 4, ಬುಧವಾರ

ಮುಬೀನಾ ವುಜೂ ಮಾಡಲಿಲ್ಲ. ನಮಾಜಿಗೂ ನಿಲ್ಲಲಿಲ್ಲ.

ಫೆಬ್ರವರಿ 6, ಶುಕ್ರವಾರ

ಅಡುಗೆಮನೆಯಲ್ಲಿದ್ದಾಗ ಪಡಸಾಲೆಯ ಮಾತು ಕೇಳಿಸಿತು. ಮುಬೀನಾ ಅಜ್ಜಿಯ ಕಾಲು ಒತ್ತುತ್ತಾ ಕೇಳುತ್ತಿದ್ದಳು.

"ದಾದಿ, ಅಮ್ಮಿ ವುಜೂ ತಪ್ಪಾದ್ರೆ ಅವ್ರು ಮಾಡಿದ ನಮಾಜೆಲ್ಲಾ ಅಲ್ಲಾಗೆ ಮುಟ್ಟಿಲ್ವಾ?"

ಅತ್ತೆ ನನಗೇನು ಗೊತ್ತಮ್ಮಾ, ನಾನು ಓದಿದವಳಲ್ಲ, ಹಜರತರನ್ನು ಕೇಳಬೇಕು ಎಂದರು. ಹಜರತರು ಹೇಳಿದ್ದು ನನಗೆ ಗೊತ್ತಿತ್ತು. ಎರಡು ಹೆಜ್ಜೆ ಆಚೆ ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕುತ್ತದೆ ಎಂದು ನಿಂತೆ.

ಫೆಬ್ರವರಿ 7, ಶನಿವಾರ

ಹುಡುಗಿ ಪರಶುರಾಂಪುರಕ್ಕೆ, ತಾಯಿಯ ತಾಯಿಯ ಮನೆಗೆ ಹೋಗುತ್ತೇನೆಂದು ಹಟ ಹಿಡಿದಳು. ಫೋನು ಹೋಯಿತು, ಮಧ್ಯಾಹ್ನ ಅವಳ ಮಾವ ಮೋಟಾರು ಬೈಕಿನಲ್ಲಿ ಬಂದ. ಇಫ್ತಿಕಾರ್ ಸ್ಕೂಲಿದೆ ಎಂದರು, ಅಷ್ಟೇ. ಅವರೂ ಸೋತಂತಿದ್ದರು. ನಾನು ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದೆ, ಸ್ವೆಟರನ್ನೂ ಇಟ್ಟೆ. ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ. ಬೈಕು ತಿರುವು ದಾಟುವವರೆಗೂ ಅವಳು ಹಿಂತಿರುಗಿ ನೋಡಲಿಲ್ಲ.

ನಿಜ ಬರೆಯಬೇಕೆಂದರೆ, ಬಾಗಿಲು ಹಾಕಿಕೊಂಡಾಗ ಮೈ ಹಗುರಾಯಿತು. ಅವಳ ಮುಖ ಅವಳ ತಾಯಿಯದೇ ಮುಖವಂತೆ. ಆ ಮುಖ ಇನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡುವುದಿಲ್ಲ.

ಫೆಬ್ರವರಿ 10, ಮಂಗಳವಾರ

ಒಳ್ಳೆಯ ದಿನ. ತನ್ವೀರ್ ಇಡೀ ದಿನ ನನ್ನ ಸೆರಗು ಹಿಡಿದು ತಿರುಗಿದ. ಡಬ್ಬಿಗಳನ್ನೆಲ್ಲ ನನಗೆ ಬೇಕಾದ ಹಾಗೆ ಜೋಡಿಸಿಕೊಂಡೆ. ಕೊತ್ತಂಬರಿ ಪುಡಿಯ ಜಾಗದಲ್ಲಿ ಈಗ ಸಕ್ಕರೆಯಿದೆ.

ಅತ್ತೆ ಹೆಚ್ಚು ಮಾತಾಡುವುದಿಲ್ಲ. ಹುಣಸೆಹಣ್ಣಿನ ಮಾತೂ ಇಲ್ಲ. ಇಫ್ತಿಕಾರ್ ಉಂಡು ಕೈ ತೊಳೆದುಕೊಂಡು ಫೋನು ಹಿಡಿದು ಹೊರಗೆ ಹೋಗುತ್ತಾರೆ. ಕಟ್ಟೆಯ ಮೇಲೆ ಕುಳಿತು ಮಗಳಿಗೆ ಫೋನು ಮಾಡುತ್ತಾರೆ. ಅವಳು ಹೂಂ, ಇಲ್ಲ, ಇಷ್ಟೇ ಅನ್ನುತ್ತಾಳಂತೆ.

ಮನೆ ನನಗೆ ಬೇಕಾದ ಹಾಗೇ ಇದೆ. ನಿದ್ದೆ ಮಾತ್ರ ಸರಿಯಾಗಿ ಬರುತ್ತಿಲ್ಲ. ಸೆಕೆ ಶುರುವಾಗಿದೆ.

ಫೆಬ್ರವರಿ 12, ಗುರುವಾರ

ಇದನ್ನು ಹೇಗೆ ಬರೆಯುವುದೋ.

ತನ್ವೀರ್‌ಗೆ ಇಂದು ವುಜೂ ಪಾಠ ಶುರುಮಾಡಿದೆ. ರಂಜಾನ್‌ಗೆ ಇನ್ನೊಂದು ವಾರ. ನಲ್ಲಿಯ ನೀರು ಬಂದಿರಲಿಲ್ಲ. ಬಕೆಟ್ಟು ನಡುವೆ ಇಟ್ಟುಕೊಂಡು, ಈ ಕಡೆ ಒಂದು ಮಣೆ, ಆ ಕಡೆ ಒಂದು ಮಣೆ ಹಾಕಿ ಇಬ್ಬರೂ ಎದುರುಬದುರು ಕುಳಿತೆವು. ಎದುರಿಗೆ ಕೂರಿಸಿಕೊಂಡದ್ದು ಅವನ ಮುಖ ಕಾಣಲಿ ಎಂದೇ. ಮೂಗಿಗೆ ನೀರು ಹೋದರೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಅವನು ನಾಲಗೆ ಕಚ್ಚಿಕೊಂಡು ಕಲಿಯುವುದನ್ನು ನೋಡುವ ಆಸೆ.

"ನಾನು ಮಾಡಿದಂಗೇ ಮಾಡು. ಮೊದಲು ಈ ಕೈ" ಎಂದು ನನ್ನ ಬಲಗೈ ಎತ್ತಿದೆ.

ತನ್ವೀರ್ ಎಡಗೈ ಎತ್ತಿದ.

ಅದಲ್ಲ, ಈ ಕೈ ಎಂದೆ. ಅವನು ಎಡಗೈಯನ್ನು ಇನ್ನೂ ಮೇಲಕ್ಕೆ ಎತ್ತಿ, "ಇದೇ ಅಲ್ವಾ ಅಮ್ಮಿ" ಎಂದು ನನ್ನ ಬಲಗೈಗೆ ಮುಟ್ಟಿಸಿ ತೋರಿಸಿದ. ಅವನ ಎಡಗೈ ನನ್ನ ಬಲಗೈಯ ಎದುರಿಗೇ ಇತ್ತು. ಕನ್ನಡಿಯಲ್ಲಿ ಇರುವ ಹಾಗೆ.

ನಾನು ಆ ಕೈಯನ್ನೇ ನೋಡುತ್ತಾ ಕುಳಿತೆ. ಅವನು ಅಮ್ಮಿ ನೀರು, ಅಮ್ಮಿ ನೀರು ಎನ್ನುತ್ತಿದ್ದ.

ಅವಳು ತಪ್ಪು ಕಲಿಸಿರಲಿಲ್ಲ. ಎದುರಿಗೆ ಕುಳಿತಿದ್ದಳು.

ಫೆಬ್ರವರಿ 13, ಶುಕ್ರವಾರ

ಯಾರಿಗೂ ಗೊತ್ತಿಲ್ಲ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ತನ್ವೀರ್‌ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಲಿಸಿದರೆ ಆಯಿತು. ಗಲ್ಲಿಯಲ್ಲಿ ಆಯೇಷಾಗೆ ಒಂದು ಸಣ್ಣ ಕುಂದು ಉಳಿಯುತ್ತದೆ. ಎಲ್ಲ ಹೆಂಗಸರಿಗೂ ಒಂದೊಂದು ಕುಂದು ಇರುತ್ತದೆ. ಅವಳಿಗೆ ಇದೊಂದು ಇದ್ದರೆ ಏನು ನಷ್ಟ?

ಇಡೀ ದಿನ ಇದನ್ನೇ ನನಗೆ ನಾನೇ ಹೇಳಿಕೊಂಡೆ. ಸಂಜೆ ಸಕ್ಕರೆಯೆಂದುಕೊಂಡು ಚಹಾಕ್ಕೆ ಕೊತ್ತಂಬರಿ ಪುಡಿ ಹಾಕಿದೆ. ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಮುಬೀನಾ ಅಲ್ಲಿಯೂ ನಮಾಜಿಗೆ ನಿಲ್ಲುತ್ತಿಲ್ಲವಂತೆ. ಇಫ್ತಿಕಾರ್ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಫೆಬ್ರವರಿ 15, ಭಾನುವಾರ

ಪರಶುರಾಂಪುರಕ್ಕೆ ಹೋಗಿ ಬಂದೆ. ಅಪ್ಪನನ್ನು ನೋಡಬೇಕು ಎಂದು ಮನೆಯಲ್ಲಿ ಹೇಳಿ ಹೊರಟದ್ದು. ಶಿವರಾತ್ರಿಯಾದ್ದರಿಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಳ್ಳಕೆರೆಯಲ್ಲಿ ಇಳಿದಾಗ ಅಪ್ಪನ ಅಂಗಡಿಗೆ ಹೋಗಿ ಕುಳಿತುಬಿಡಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ಪರಶುರಾಂಪುರದ ಬಸ್ಸು ಬಂತು, ಹತ್ತಿದೆ. ಹತ್ತಿದವಳಿಗೆ ಇಳಿಯಲು ಧೈರ್ಯವಾಗಲಿಲ್ಲ.

ಆಯೇಷಾಳ ತಾಯಿ ಅಂಗಳದಲ್ಲಿ ಈರುಳ್ಳಿ ಹರಡುತ್ತಿದ್ದರು. ನನ್ನನ್ನು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾ ಎಂದರು, ನೀರು ಕೊಟ್ಟರು. ಮಗಳ ಜಾಗಕ್ಕೆ ಬಂದವಳಿಗೆ ನೀರು ಕೊಡುವುದು ಸುಲಭವಲ್ಲ. ಮುಬೀನಾ ಬಾಗಿಲ ಹಿಂದೆ ನಿಂತಿದ್ದಳು.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಮರೆತವು. ಒಂದು ತಂಬಿಗೆ ನೀರು ಕೇಳಿ ಅಂಗಳದ ಮೂಲೆಯಲ್ಲಿ ಕುಳಿತೆ. ಎದುರಿಗೆ ಬಾ ಎಂದು ಮುಬೀನಾಳನ್ನು ಕರೆದೆ. ಅವಳು ಅಜ್ಜಿಯ ಮುಖ ನೋಡಿದಳು, ಅಜ್ಜಿ ಹೋಗು ಎಂದರು, ಬಂದು ಕುಳಿತಳು.

"ಮೊದಲು ಈ ಕೈ" ಎಂದು ಬಲಗೈ ಎತ್ತಿದೆ. ಅವಳ ಎಡಗೈ ತಾನಾಗಿಯೇ ಎದ್ದಿತು. ಈಗ ಅಲುಗಾಡಬೇಡ ಎಂದು ಹೇಳಿ, ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ, ಅವಳು ನೋಡುತ್ತಿದ್ದ ಕಡೆಗೇ ಮುಖ ಮಾಡಿ ಕುಳಿತೆ. ಎತ್ತಿದ ಬಲಗೈಯನ್ನು ಇಳಿಸಿರಲಿಲ್ಲ. ಅವಳು ನನ್ನ ಕೈ ನೋಡಿದಳು, ತನ್ನ ಕೈ ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಎಡಗೈ ಇಳಿಸಿ ಬಲಗೈ ಎತ್ತಿದಳು.

"ಅಂದ್ರೆ ಅಮ್ಮಿದು ಸರಿ ಇತ್ತಾ?"

"ಸರಿ ಇತ್ತು. ಎದುರಿಗೆ ಕುಂತಿದ್ರು, ನಿನಗೆ ತಿರುಗಿ ಕಾಣ್ತು. ನಿಂದೂ ತಪ್ಪಲ್ಲ. ನಿನ್ನ ನಮಾಜೂ ಮುಟ್ಟೈತೆ, ಹಜರತರೇ ಹೇಳ್ಯಾರೆ."

ಅಷ್ಟರಲ್ಲಿ ಅವಳ ಅಜ್ಜಿ ಈರುಳ್ಳಿಯ ರಾಶಿಯ ಹತ್ತಿರವೇ ಕುಳಿತುಬಿಟ್ಟರು. ಮಗಳು ತಾನು ತೀರಿಕೊಂಡ ವರ್ಷದ ರಂಜಾನಿನಲ್ಲಿ ಇದೇ ಅಂಗಳದಲ್ಲಿ ಮುಬೀನಾಗೆ ಕಲಿಸಲು ಶುರುಮಾಡಿದ್ದಳಂತೆ. ಹಬ್ಬ ಮುಗಿದು ಮೊಳಕಾಲ್ಮೂರಿಗೆ ಹೋಗಿ ಅಲ್ಲಿಯೂ ಕೆಲವು ದಿನ ಕಲಿಸಿದಳು, ಅಷ್ಟರಲ್ಲಿ ಕಣ್ಣು ಹಳದಿಯಾಯಿತು, ಆಸ್ಪತ್ರೆ ಸೇರಿದಳು. ಕಲಿಸಿದ್ದು ಹೇಗೆ ನಿಂತಿದೆ ಎಂದು ನೋಡಿ ತಿದ್ದಲು ಆಯೇಷಾಗೆ ದಿನಗಳೇ ಸಿಗಲಿಲ್ಲ.

ಮುಬೀನಾ ಎತ್ತಿದ ಕೈ ಇಳಿಸಿದಳು. ಆಮೇಲೆ ಕೇಳಿದಳು.

"ಅವತ್ತು ಎಲ್ಲರ ಮುಂದೆ ಯಾಕೆ ತಪ್ಪು ಅಂದ್ರಿ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು.

"ಎಲ್ರೂ ನಿಮ್ಮ ಅಮ್ಮಿನೇ ಹೊಗಳ್ತಾರೆ. ನನಗೆ ಹೊಟ್ಟೆ ಉರೀತು."

ಅವಳ ಅಜ್ಜಿ ತಲೆ ಎತ್ತಿದರು. ಮುಬೀನಾಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಸ್ವಲ್ಪ ಯೋಚಿಸಿ, "ತನ್ವೀರ್ ನಿಮ್ಮನ್ನ ಅಮ್ಮಿ ಅಂದಾಗ ನನಗೂ ಉರೀತೈತೆ" ಎಂದಳು.

ಬಾ ಹೋಗೋಣ ಎಂದೆ. ಬರುವುದಿಲ್ಲ ಎಂದಳು. ಅವತ್ತು ಇದ್ದವರ ಮುಂದೆಲ್ಲ ಅಮ್ಮಿಯದು ಸರಿ ಇತ್ತು ಎಂದು ಹೇಳಿದರೆ ಆಮೇಲೆ ಬರುತ್ತೇನೆ ಎಂದಳು. ಆಗಲಿ ಎಂದೆ. ಒಬ್ಬಳೇ ಬಸ್ಸು ಹತ್ತಿದೆ.

ಫೆಬ್ರವರಿ 17, ಮಂಗಳವಾರ

ಮನೆಮನೆಗೆ ಹೋದೆ. ಒಂದೊಂದು ಮನೆಯಲ್ಲೂ ಚಹಾ ಕೊಟ್ಟರು, ಒಂದೊಂದು ಮನೆಯಲ್ಲೂ ಎದುರಿಗೆ ಕುಳಿತು ಬಲಗೈ ಎತ್ತಿ ತೋರಿಸಿದೆ. ಒಬ್ಬಾಕೆ ನಕ್ಕಳು. ಒಬ್ಬಾಕೆ ಇದನ್ನು ಹೇಳಲೆಂದೇ ಬಂದೆಯಾ ಎಂದಳು. ಎದುರುಮನೆಯಾಕೆಯ ಬಾಯಿಂದ ನಾಳೆಯೊಳಗೆ ಇದು ಬಸ್ ಸ್ಟ್ಯಾಂಡ್ ಮುಟ್ಟುತ್ತದೆ. ಮುಟ್ಟಲಿ, ಮುಬೀನಾ ಕೇಳಿದ್ದೂ ಅದನ್ನೇ.

ಕೊನೆಗೆ ಅತ್ತೆಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, ಆಯೇಷಾ ಬಂದ ಹೊಸದರಲ್ಲಿ ಅವಳ ಸಾರು ಬಾಯಿಗಿಡಲು ಆಗುತ್ತಿರಲಿಲ್ಲ ಎಂದರು. ಹುಣಸೆ ಹಿಂಡುವುದನ್ನು ಕಲಿಸಿದ್ದು ಅತ್ತೆಯೇ ಅಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೋ.

ಅಲ್ಲಿಂದ ಗೀತಮ್ಮನ ಮನೆಗೂ ಹೋದೆ. ಅವರು ಅವತ್ತು ಇರಲೇ ಇಲ್ಲ, ಹೇಳುವ ಅಗತ್ಯವಿರಲಿಲ್ಲ. ಸುಮ್ಮನೆ ಹೋದೆ. ಕಂಡಿಕೆ ಸುತ್ತುವುದು ನೋಡಲು ಸುಲಭ, ಎಳೆ ತುಂಡಾಗುತ್ತಲೇ ಇತ್ತು. ಆಯೇಷಾಗೂ ಮೊದಮೊದಲು ತುಂಡಾಗುತ್ತಿತ್ತೇ ಎಂದು ಕೇಳಿದೆ. ಇಲ್ಲ, ಅವಳ ಕೈ ಹಗುರ ಎಂದರು. ಉರಿಯಿತು. ಆದರೂ ಕತ್ತಲಾಗುವವರೆಗೆ ಕುಳಿತಿದ್ದೆ.

ಫೆಬ್ರವರಿ 18, ಬುಧವಾರ

ಚಂದ್ರ ಕಾಣಿಸಿದ. ನಾಳೆಯಿಂದ ರೋಜಾ, ಉಪವಾಸ. ಇಫ್ತಿಕಾರ್ ಮಧ್ಯಾಹ್ನವೇ ಅಂಗಡಿ ಮುಚ್ಚಿ ಹೋಗಿ ಮುಬೀನಾಳನ್ನು ಕರೆತಂದರು. ಚೀಲದ ತುಂಬ ಈರುಳ್ಳಿ. ಅವಳ ಅಜ್ಜಿ ನನಗೆಂದು ಕಳಿಸಿದ್ದು. ಹುಡುಗಿ ನೇರ ಅಡುಗೆಮನೆಗೆ ಬಂದು ಡಬ್ಬಿಗಳನ್ನು ನೋಡಿ, ಸಕ್ಕರೆ ಎಲ್ಲಿ ಹೋಯ್ತು ಎಂದಳು. ತೋರಿಸಿದೆ. ಹಿಂಗಿದ್ರೆ ಕೈಗೆ ಸಿಗಲ್ಲ ಎಂದಳು. ಸಿಗುತ್ತದೆ ಎಂದೆ. ಇಬ್ಬರೂ ಬಿಡಲಿಲ್ಲ.

ಫೆಬ್ರವರಿ 22, ಭಾನುವಾರ

ತನ್ವೀರ್ ನನ್ನ ಹತ್ತಿರ ಕಲಿಯುವುದಿಲ್ಲವಂತೆ. ಆಪಾನೇ ಕಲಿಸಬೇಕಂತೆ. ಬೆಳಿಗ್ಗೆಯಿಂದ ಅಕ್ಕನ ಹಿಂದೆಯೇ ತಿರುಗುತ್ತಿದ್ದಾನೆ. ಮೂರೂವರೆ ತಿಂಗಳು ಮುದ್ದು ಮಾಡಿದ್ದು ನಾನು. ಉರಿಯದೆ ಇರುತ್ತದೆಯೇ. ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಇಬ್ಬರೂ ನಲ್ಲಿಯ ಮುಂದೆ ಪಕ್ಕಪಕ್ಕ ಕುಳಿತರು. ನಾನು ಬಟ್ಟೆ ಹಿಂಡುತ್ತಿದ್ದೆ. ಈ ಸಲ ನೆಪವಿರಲಿಲ್ಲ, ಬಟ್ಟೆ ನಿಜಕ್ಕೂ ಇತ್ತು.

ಮುಬೀನಾ ಚೆನ್ನಾಗಿ ಕಲಿಸುತ್ತಾಳೆ. ಗದರುವುದಿಲ್ಲ. ಮೊಣಕೈಗೆ ಬಂದಾಗ, "ಅಮ್ಮಿ ನನಗೆ ಹಿಂಗೇ ಕಲಿಸಿದ್ದು" ಎಂದಳು. ತನ್ವೀರ್ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ.

"ನೀವಾ ಅಮ್ಮಿ?"

ಮುಬೀನಾಳ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ನೀರು ಸುಮ್ಮನೆ ಹರಿಯುತ್ತಿತ್ತು. ಹೂಂ ಎಂದುಬಿಟ್ಟರೆ ಅವನು ನಂಬುತ್ತಿದ್ದ, ಇನ್ನೂ ಕೆಲವು ವರ್ಷ ನಂಬುತ್ತಿದ್ದ.

ಬಟ್ಟೆ ಬಿಟ್ಟು ಬಂದು ನಲ್ಲಿ ನಿಲ್ಲಿಸಿದೆ. ಅವನ ಇನ್ನೊಂದು ಪಕ್ಕದಲ್ಲಿ ಕುಳಿತು ಹೇಳಿದೆ. ನಾನಲ್ಲ, ಆಯೇಷಾ ಅಮ್ಮಿ, ನೀನು ಹುಟ್ಟಿದ್ದು ಅವರ ಹೊಟ್ಟೆಯಲ್ಲಿ, ನೀನು ಸಣ್ಣವನಿದ್ದಾಗ ಅವರಿಗೆ ಹುಷಾರಿಲ್ಲದೆ ತೀರಿಕೊಂಡರು ಎಂದೆ. ಅವರು ಎದುರಿಗೆ ಕುಳಿತು ಆಪಾಗೆ ಕಲಿಸಿದರು ಎಂದೂ ಹೇಳಿದೆ. ಹೇಳಿ ಮುಗಿಸಲು ಕಷ್ಟವಾಯಿತು. ಬರೆಯುವಾಗಲೂ ಆಗುತ್ತಿದೆ.

ತನ್ವೀರ್ ಒದ್ದೆ ಕೈಗಳನ್ನು ಹಾಗೇ ಹಿಡಿದುಕೊಂಡು ಯೋಚಿಸಿದ.

"ಅವ್ರು ನಿಮಗೂ ಕಲಿಸಿದ್ರಾ?"

ಈಗ ಮುಬೀನಾ ನನ್ನ ಕಡೆ ತಿರುಗಿದಳು.

"ಹೂಂ, ನನಗೂ" ಎಂದೆ.

ಅವನಿಗೆ ಅಷ್ಟು ಸಾಕಾಯಿತು. ನಲ್ಲಿ ತಾನೇ ತಿರುಗಿಸಿ, ತಲೆ ಸವರಿಕೊಂಡು, ಎಡಗಾಲನ್ನು ನೀರಿನ ಕೆಳಗೆ ಚಾಚಿದ. ಮುಬೀನಾ ಆ ಕಾಲನ್ನು ಪಕ್ಕಕ್ಕೆ ಸರಿಸಿ, ಬಲಗಾಲನ್ನು ಎಳೆದು ನೀರಿಗೆ ಹಿಡಿದಳು.